ಜೀಪಿನ ನಡುಕಕ್ಕ ಅಮಾಸಿ ಮದ್ದು

ನಮ್ಮ ಗಂಗಾವತಿ ಕಡೆ ಮನಷ್ಯಾಗ ಜ್ವರ ಬಂದ್ರ ಯಾರೂ ಕೇಳಾಂಗಿಲ್ಲ. ಗಾಡಿ ನಡಗಿದ್ರ ಮಾತ್ರ ಊರೆಲ್ಲಾ ಡಾಕ್ಟರ್. ನನ್ನ ಹಳೇ ಜೀಪಿಗೆ ನಡುಕ ಹತ್ತಿದಾಗ ಇದು ನನಗ ಪೂರಾ ತಿಳೀತು.

೧. ಮುಂದಿನ ಸೀಟು

ಭತ್ತದ ನಾಟಿ ಹಂಗಾಮಿನ್ಯಾಗ ನಮ್ಮೂರ ಹೆಣ್ಣಮಕ್ಕಳನ್ನ ದಿನಾ ಶ್ರೀರಾಮನಗರದ ಗದ್ದಿಗೆ ಬಿಡೋದು ನನ್ನ ದಂಧೆ. ಗುಂಪಿಗೆಲ್ಲಾ ಯಜಮಾನ್ತಿ ಅಂದ್ರ ದೊಡ್ಡವ್ವ, ಮುಂದಿನ ಸೀಟು ಆಕಿದು. ರೋಡಿನ ಮ್ಯಾಲೆ ನಿಲ್ಲಿಸಿದ್ರ ಇಳಿಯಾಂಗಿಲ್ಲ. "ಗದ್ದಿ ಒಡ್ಡಿನತನಕ ಬಿಡೋ" ಅಂತ ಕೆಸರು ರಾಡಿಯೊಳಗ ಓಡಸತಾಳ.

ಒಂದಿನ ಡಾಂಬರ್ ರೋಡಿಗೆ ಬಂದು ಸ್ವಲ್ಪ ಜೋರು ಮಾಡಿದ್ನೋ ಇಲ್ಲೋ, ಸ್ಟೇರಿಂಗ್ ಗಡಗಡ ನಡಗಾಕ ಹತ್ತಿತು. ದೊಡ್ಡವ್ವ ಬಾಯಾಗಿನ ಎಲಿ ಅಡಕಿ ನುಂಗಿಬಿಟ್ಲು.

"ತಮ್ಮಾ, ಜೀಪಿನ ಮೈಯಾಗ ದೇವರು ಬಂದೈತೇನು?"

"ಇಲ್ಲ ದೊಡ್ಡವ್ವ, ಬರೇ ಸ್ಟೇರಿಂಗ್ ನಡಗತೈತಿ."

"ದೇವರಾಗಿದ್ರ ಕುಂಡ್ರತಿದ್ದೆ. ಬರೇ ನಡುಕಾದ್ರ ಒಲ್ಲೆಪ್ಪಾ! ಅಮಾಸಿತನಕ ನೋಡತೀನಿ, ಆಮ್ಯಾಲ ನಮಗ ಬ್ಯಾರೆ ಗಾಡಿ."

ಹಂಗಾಮು ತಪ್ಪಿದ್ರ ವರ್ಷೆಲ್ಲಾ ಆ ಜೀಪು ಕೋಳಿ ಮಲಗಾಕ ಅಷ್ಟ. 

೨. ಉಸ್ತಾದರ ತಪಾಸಣಿ

ಕೊಪ್ಪಳ ರೋಡಿನ ಗ್ಯಾರೇಜಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ಉಸ್ತಾದರು ಗಾಲಿ ನೋಡಲಿಲ್ಲ, ನನ್ನ ಮಾರಿ ನೋಡಿದ್ರು.

"ಸ್ಟೆಬಿಲೈಸರ್ ಬದಲಿ ಮಾಡ್ರಿ. ಸ್ಟೇರಿಂಗಿನ ನಡುಕ ಹಿಡಿಯೋ ಸಾಮಾನು ಅದು. ಈಗ ಭಾರೀ ಮಾಲು ಬಂದೈತಿ."

"ಹಳೇದು ಕೆಟ್ಟೈತೇನ್ರಿ?"

ಕೆಳಗ ಬಗ್ಗಿ ಜಗ್ಗಿ ನೋಡಿದ್ರು. "ಇಲ್ಲ, ಗಟ್ಟಿಮುಟ್ಟ ಐತಿ."

"ಮತ್ಯಾಕ ಬದಲಿ?"

"ಅಣ್ಣಾರ, ನಿಮ್ಮ ಹಳೇ ಮೊಬೈಲ್ ಕೆಟ್ಟಿತ್ತೇನು? ಮತ್ಯಾಕ ಹೊಸಾದು ತಗೊಂಡ್ರಿ?"

ನಾನು ಕೈಯಾಗಿನ ಹೊಸಾ ಮೊಬೈಲ್ ಕಿಸೆಯೊಳಗ ತುರುಕಿದೆ.

೩. ಮನಿಯಾಕಿಯ ಸವಾಲು

"ಆ ಸ್ಟೆಬಿಲೈಸರ್ ಏನ್ ಮಾಡತೈತ್ರಿ?" ಅಂದ್ಲು ಹೆಂಡತಿ.

"ಸ್ಟೇರಿಂಗ್ ಅಲುಗಾಡದಂಗ ಹಿಡಿಯತೈತಿ."

"ದೇವರು ನಿಮಗ ಎರಡು ಕೈ ಯಾಕ ಕೊಟ್ಟಾನ? ಒಂದ್ರಾಗ ಮೊಬೈಲ್ ಹಿಡಿಯೋದು ಬಿಟ್ರ ಅದ ಸ್ಟೆಬಿಲೈಸರ್!"

ಆದ್ರೂ ದೊಡ್ಡವ್ವನ ಮಾತು ಕೇಳಿ ಆಕಿಗೂ ಅಂಜಿಕಿ ಆತು. ಮಿಕ್ಸರ್ ತರಾಕಂತ ಕೂಡಿಟ್ಟಿದ್ದ ರೊಕ್ಕ ತಂದು ಕೊಟ್ಲು. ಕೊಡುವಾಗ ಒಮ್ಮೆ ರುಬ್ಬುಗುಂಡು ನೋಡಿದ್ಲು, ಒಮ್ಮೆ ನನ್ನ ತಲಿ ನೋಡಿದ್ಲು. ನಾನು ಲಗೂನ ಹೊರಗ ಬಂದೆ.

೪. ಹೊಸಾ ಸೊಸಿ

ಹೊಸಾದು ಹಾಕಿಸಿದ ದಿನ ನಡುಕ ಸ್ವಲ್ಪ ಕಡಿಮಿ ಆದಂಗ ಅನಿಸಿತು. ರೊಕ್ಕ ಕೊಟ್ಟ ಮ್ಯಾಲೆ ಅನಿಸದ ಇರತೈತೇನು? ಮರುದಿನ ಮತ್ತ ಗಡಗಡ.

ಉಸ್ತಾದರು ನಕ್ಕರು. "ಹೊಸಾ ಸೊಸಿ ಬಂದ ದಿನಾನ ಅತ್ತಿ ಜೋಡಿ ಹೊಂದತಾಳೇನ್ರಿ? ಸ್ವಲ್ಪ ತಡೀರಿ."

ತಡದೆ. ನಡುಕ ಹೋಗಲಿಲ್ಲ. ಮತ್ತ ಹೋದೆ.

"ಹಂಗಾರ ಅದರ ಬಾಜೂಕ ಇನ್ನೊಂದು ಹಾಕಿಸಿ ಜೋಡಿ ಮಾಡ್ರಿ" ಅಂದ್ರು.

ಒಬ್ಬಾಕಿ ಸೊಸಿ ಹೊಂದವಲ್ಲಳು ಅಂದ್ರ, ಇನ್ನೊಬ್ಬಾಕಿನ್ನ ತರಬೇಕಂತ! ಕೈ ಮುಗದು ಮನಿಗೆ ಬಂದೆ.

೫. ಅಮಾಸಿ ಪೂಜಿ

ಪ್ರತಿ ಅಮಾಸಿಗೂ ಜೀಪಿನ ಪೂಜಿ ನಂದ. ಬಾನೆಟ್ ಒರಸೋದು, ಗಾಲಿಗೆ ಹೊರಗಿಂದ ಒಂದು ಚೊಂಬು ನೀರು ಹಾಕೋದು, ವಿಭೂತಿ ಹಚ್ಚೋದು, ನಿಂಬಿಹಣ್ಣು ಮೆಣಸಿನಕಾಯಿ ಕಟ್ಟೋದು, ಕಾಯಿ ಒಡಿಯೋದು. ಆ ಅಮಾಸಿಗೆ ಹೆಂಡತಿ ನನ್ನನ್ನ ಬಾಜೂಕ ಸರಸಿದ್ಲು.

"ಬರೇ ಮಾರಿ ತೊಳದ್ರ ಜಳಕ ಆತೇನ್ರಿ?"

ಕುಡಗೋಲು ಹಿಡಕೊಂಡು ಗಾಲಿ ಒಳಮೈ ಕೆರದ್ಲು. ಗದ್ದಿ ರಾಡಿ ಒಣಗಿ ಕಲ್ಲಾಗಿತ್ತು. ಮಣ್ಣು ಹೆಂಟಿ ಹೆಂಟಿ ಬಿದ್ದು ಬುಟ್ಟಿ ತುಂಬಿತು.

"ಒಂದ ಕಡೆ ಇಷ್ಟು ಭಾರ ಹೊತ್ಕೊಂಡು ತಿರಗಿದ್ರ ಗಾಲಿ ಕುಣೀದ ಏನು ಮಾಡತಾವ? ಈಗ ಓಡಿಸಿ ನೋಡ್ರಿ."

ರೋಡಿಗೆ ಹೋಗಿ ಜೋರು ಓಡಿಸಿದೆ. ಸ್ಟೇರಿಂಗ್ ತುಟಿಪಿಟಕ್ ಅನ್ನಲಿಲ್ಲ!

ಕುಣಕೋತ ಮನಿಗೆ ಬಂದ್ರ, ಕಟ್ಟಿ ಮ್ಯಾಲೆ ದೊಡ್ಡವ್ವ ಕುಂತಿದ್ಲು, ಗಡುವು ಮುಗೀತು ಅಂತ ಹೇಳಾಕ ಬಂದಾಕಿ. ಬುಟ್ಟಿ ಬಾಜೂಕ ಹೆಂಡತಿ ಸೊಂಟದ ಮ್ಯಾಲೆ ಕೈ ಇಟ್ಕೊಂಡು ನಿಂತಿದ್ಲು.

"ನಡುಕ ಹೋತೇನ್ರಿ?"

"ಹೋತು."

"ನನ್ನ ಮಿಕ್ಸರ್?"

ಜೀಪಿನ ಗಡಗಡ ಈಗ ನನ್ನ ಮೊಣಕಾಲಿಗೆ ಇಳೀತು. ದೊಡ್ಡವ್ವ ಬುಟ್ಟಿ ನೋಡಿದ್ಲು, ನನ್ನ ಕಾಲು ನೋಡಿದ್ಲು.

"ನಾಳಿ ನಸಕಿನ್ಯಾಗ ಬರತೀವಿ, ಮುಂದಿನ ಸೀಟು ನಂದ. ಅಲ್ಲೋ ತಮ್ಮಾ, ಆ ಹೊಸಾ ಸಾಮಾನು ಖರೇನ ನಡುಕ ಹಿಡಿಯತೈತೇನು?"

"ಹಿಡಿಯತೈತಂತ ದೊಡ್ಡವ್ವ."

"ಹಂಗಾರ ಜೀಪಿಂದು ಬಿಚ್ಚಿ ನಿನ್ನ ಮೊಣಕಾಲಿಗೆ ಕಟ್ಕೋ. ಕೊಟ್ಟ ರೊಕ್ಕಾನರ ವಸೂಲಾಗಲಿ!"