ಚಿಕ್ಕಪ್ಪನ ಕ್ಯಾಲ್ಸಿಯಂ ಬಾಗಿಲು

ನಮ್ಮ ಚಿಕ್ಕಪ್ಪ ಮದುವೆಯಾದದ್ದು ಚಿಕ್ಕಮ್ಮನನ್ನು, ಮನಸ್ಸು ಕೊಟ್ಟದ್ದು ಮಾತ್ರ ಒಂದು ಬಾಗಿಲಿಗೆ! ಅದು ತೇಗದ್ದೋ ಬೇವಿನದೋ ಆಗಿದ್ದರೆ ನಾವೂ ಸುಮ್ಮನಿರುತ್ತಿದ್ದೆವು. ಇದು ಕಣ್ಣಿಗೆ ಕಾಣದ ಬಾಗಿಲು. ನಮ್ಮ ನಿಮ್ಮ ನರಗಳಲ್ಲಿ, ಸ್ನಾಯುಗಳಲ್ಲಿ, ಗುಂಡಿಗೆಯಲ್ಲಿ ಇರುವಂಥದ್ದು. ಅದು ತೆರೆದರೆ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ನರ ಮಾತಾಡುತ್ತದೆ, ಸ್ನಾಯು ಸೆಟೆಯುತ್ತದೆ. ಚಿಕ್ಕಮ್ಮ ನೋವಿಗೆ ಬಿದ್ದು ನಿದ್ದೆ ಕಳೆದುಕೊಳ್ಳುವವರೆಗೂ ಇದೆಲ್ಲ ನಮಗೆ ಪುಕ್ಕಟೆ ಮನರಂಜನೆಯಾಗಿತ್ತು.

ಚಿಕ್ಕಪ್ಪ ಕೊಟ್ಟೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಡಿಗ್ರಿ ಓದಲು ಬಂದ ನಾನು ಅವನ ಮನೆಯಲ್ಲೇ ಇದ್ದೆ. ತೊಂಬತ್ತರ ದಶಕದಲ್ಲೊಮ್ಮೆ, ಬಡ್ತಿಗೆ ಬೇಕೇಬೇಕು ಅಂತ ಅವನು ಯಾವುದೋ ದೊಡ್ಡ ಊರಿಗೆ ತರಬೇತಿಗೆ ಹೋದ. ಜೊತೆಗೆ ಹೋದವರು ಹೆಂಡತಿಗೆ ಸೀರೆ ತಂದರು. ಇವನು ಅಲ್ಲಿ ಯಾರದೋ ಒಂದು ಉಪನ್ಯಾಸ ಕೇಳಿ ಈ ಬಾಗಿಲನ್ನು ತಲೆಯಲ್ಲಿಟ್ಟುಕೊಂಡು ಬಂದ. ಬಟ್ಟೆಯ ಚೀಲ ಅಲ್ಲೇ ಮರೆತಿದ್ದ.

ಬೇಸಿಗೆಯ ಮಧ್ಯಾಹ್ನ, ಬಿಸಿಲಿಗೆ ಬೀದಿಯೆಲ್ಲ ನೀರಿನಂತೆ ನಡುಗುವ ಹೊತ್ತಿನಲ್ಲಿ, ಅವನು ಪಡಸಾಲೆಯ ಕಂಬಕ್ಕೆ ಒರಗಿ ಕಣ್ಣು ಅರೆಮುಚ್ಚಿ ಶುರು ಮಾಡುತ್ತಿದ್ದ. ಅವನ ದನಿ ಎಲ್ಲೋ ದೂರದಿಂದ ಬಂದಂತಿರುತ್ತಿತ್ತು.

"ಹೊರಗ ಕ್ಯಾಲ್ಸಿಯಂ ಗದ್ಲ ಹಚ್ಚಿ ನಿಂತೈತಿ. ಒಳಗ ಒಂಚೂರು ಐತಿ. ನಡುವ ಬಾಗಿಲು. ಕರೆಂಟಿನ ಬಡಿತ ಬಿತ್ತಂದ್ರ ತೆರಿತೈತಿ. ಬಡಿತ ಕೇಳೋ ಕಿವಿನೂ ಬಾಗಿಲಿಗೇ ಐತಿ. ಆದ್ರ ಎಷ್ಟು ಮೆಲ್ಲಕ ಬಡಿದ್ರ ತೆರೀಬೇಕು, ಎಷ್ಟೊತ್ತಿಗೆ ಮುಚ್ಚಬೇಕು ಅನ್ನೋದನ್ನ ತಿದ್ದೋರು ಬ್ಯಾರೆ ಅದಾರ. ಬಾಗಿಲ ಬಾಜೂಕ ಕುಂತೋರು!"

"ಯಾರು ಚಿಕ್ಕಪ್ಪಾ ಅವ್ರು?"

"ಬೀಟಾ, ಗಾಮಾ, ಆಲ್ಫಾ-ಟು-ಡೆಲ್ಟಾ."

ಒಳಗಿನಿಂದ ಅಜ್ಜಿ ಕೇಳಿದಳು: "ಯಾವೂರ ಮಂದಿಲೇ ಅವ್ರು? ನಮ್ಮ ಕಡೇರೇನು?"

ಅಜ್ಜಿಯ ಪ್ರಶ್ನೆಯಿಂದಲೇ ಅವನಿಗೆ ದಾರಿ ಹೊಳೆಯಿತು. ನಮ್ಮ ಕಡೆಯವರೇ ಯಾಕಾಗಬಾರದು? ಆ ದಿನವೇ ಮನೆಮಂದಿಗೆಲ್ಲ ನಾಮಕರಣವಾಯಿತು. ಬಾಗಿಲ ಒಳಮಗ್ಗುಲಿಗೆ ಬತ್ತಿ ಹೊಸೆಯುತ್ತ ಕೂರುವ ಅಜ್ಜಿ ಬೀಟಾ. ಬಡಿಯುವುದಿರಲಿ, ಬೀದಿಯಲ್ಲಿ ಚಪ್ಪಲಿ ಸದ್ದಾದರೆ ಸಾಕು, ಬಾಗಿಲು ತೆರೆಸುವಳು. ಬಂದವರು ಎರಡು ಮಾತಾಡುವಷ್ಟರಲ್ಲಿ "ನೊಣ ಬರ್ತಾವ" ಎಂದು ಮುಚ್ಚಿಸುವವಳೂ ಅವಳೇ. ನಾನೂ ಬೀಟಾನೇ ಅಂತೆ, ಆದರೆ ಬೇರೆ ನಮೂನೆ. ಗೆಳತಿಯರು ಬಂದರೆ ನಾನು ಹೊಸ್ತಿಲ ಮೇಲೇ ನಿಂತು ಬಾಗಿಲು ಮುಚ್ಚಗೊಡುವುದಿಲ್ಲವಲ್ಲ, ಅದಕ್ಕೆ! ಎಷ್ಟು ಬಡಿದರೂ "ನಾಳಿ ಬರ್ರಿ" ಎಂದು ಕೂಗುವ ಅಜ್ಜ ಗಾಮಾ. ಇನ್ನು ಚಿಕ್ಕಮ್ಮ ಆಲ್ಫಾ-ಟು-ಡೆಲ್ಟಾ. ಅವಳ ಠಾವು ಹೊರಗಿನ ಕಟ್ಟೆ. ಅವಳು ಶೇಂಗಾ ಬಿಡಿಸಲು ಮೊರ ಹಿಡಿದು ಬಂದು ಕೂತಳೆಂದರೆ ಬೀದಿಯ ಇದ್ದಬದ್ದ ಬಾಗಿಲೆಲ್ಲ ತೆರೆದುಕೊಂಡು ಹೆಂಗಸರು ಈಚೆ ಬರುತ್ತಿದ್ದರು. "ಅಕಿ ಹೊರಗ ಇದ್ರ ಬಾಗಿಲುಗಳ ಲೆಕ್ಕನ ಹೆಚ್ಚಾಗ್ತೈತಿ" ಎಂದು ಚಿಕ್ಕಪ್ಪ ಕನಸಿನಲ್ಲಿ ಇದ್ದವನಂತೆ ನಗುತ್ತಿದ್ದ. ಚಿಕ್ಕಮ್ಮ ಒಂದು ಹಿಡಿ ಸಿಪ್ಪೆ ಅವನತ್ತ ಎಸೆಯುತ್ತಿದ್ದಳು.

ಇಷ್ಟಕ್ಕೇ ಬಿಟ್ಟನೇ? ಕಾಲೇಜಿನಲ್ಲೂ ಇದೇ ಪಾಠ. ಪರೀಕ್ಷೆಯಲ್ಲಿ ಹಗರಿಬೊಮ್ಮನಹಳ್ಳಿ ಕಡೆಯ ಹುಡುಗನೊಬ್ಬ ಬರೆದ: 'ಆಲ್ಫಾ-ಟು-ಡೆಲ್ಟಾ ಎಂಬುದು ಹೊರಗೆ ಕುಳಿತು ಶೇಂಗಾ ಬಿಡಿಸುತ್ತದೆ.' ಚಿಕ್ಕಪ್ಪ ಪೂರಾ ಅಂಕ ಕೊಟ್ಟ! "ಜಾಗ ಸರಿ ಬರದಾನಲ್ಲ, ಕೆಲಸದ್ದೇನ ಮಹಾ" ಅಂದ.

ಆಮೇಲೆ ಪ್ರಯೋಗ. ಬೀಟಾ ಇಲ್ಲದಿದ್ದರೆ ಬಾಗಿಲು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಬೇಕಲ್ಲ, ಅಜ್ಜಿಯನ್ನು ಉಜ್ಜಿನಿಯ ಅವಳ ತಂಗಿಯ ಮನೆಗೆ ಕಳಿಸಿದ. ಅವನು ಹೇಳಿದಂತೆಯೇ ಆಯಿತು, ಸಣ್ಣ ಬಡಿತಕ್ಕೆಲ್ಲ ನಮ್ಮ ಬಾಗಿಲು ಜಪ್ಪಯ್ಯ ಅಂದರೂ ತೆರೆಯಲಿಲ್ಲ. ಗ್ಯಾಸಿನವನು ಬಡಿದು ಬಡಿದು ಸಿಲಿಂಡರ್ ಹೊತ್ತುಕೊಂಡು ವಾಪಸ್ ಹೋದ. ಅಜ್ಜಿ ಬರುವತನಕ ಚಿಕ್ಕಮ್ಮ ಕಟ್ಟಿಗೆ ಒಲೆ ಊದಿದಳು. "ನಿಮ್ಮ ಬೀಟಾನ ಇವತ್ತ ಕರಕೊಂಡು ಬರ್ರಿ, ಇಲ್ಲಾಂದ್ರ ನಿಮಗ ಊಟ ಇಲ್ಲ" ಎಂದು ಹೊಗೆಯೊಳಗಿನಿಂದ ಕೂಗಿದಳು. ವಿಜ್ಞಾನ ಮುಂದಿನ ಬಸ್ಸಿಗೇ ಉಜ್ಜಿನಿಗೆ ಹೊರಟಿತು.

ಓದು ಮುಗಿದರೂ ನಾನು ಆ ಮನೆಯಲ್ಲೇ ಉಳಿದಿದ್ದೆ. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಚಳಿಗಾಲ ಚಿಕ್ಕಮ್ಮನಿಗೆ ಸರ್ಪಸುತ್ತು ಆಯಿತು. ಎಡಪಕ್ಕೆಯ ಸುತ್ತ ಗುಳ್ಳೆ. ಅಜ್ಜಿ ಕೆಮ್ಮಣ್ಣಿನ ಜಾಜು ಅರೆದು ಹಚ್ಚಿದಳು, ಡಾಕ್ಟರು ಮುಲಾಮು ಕೊಟ್ಟರು, ಗುಳ್ಳೆ ಒಣಗಿ ಉದುರಿದವು. ನೋವು ಹೋಗಲಿಲ್ಲ. ಸೀರೆ ಸೋಕಿದರೂ ಬೆಂಕಿ ತಾಗಿದಂತೆ ಬೆಚ್ಚುತ್ತಿದ್ದಳು. ಎಡಗೈಯಲ್ಲಿ ಸೆರಗನ್ನು ಮೈಯಿಂದ ದೂರ ಹಿಡಿದುಕೊಂಡು ರಾತ್ರಿಯೆಲ್ಲ ಕೂತಿರುತ್ತಿದ್ದಳು. ಕಟ್ಟೆಗೆ ಬರುವುದು ನಿಂತಿತು. ಬೀದಿಯೇ ಮಂಕಾಯಿತು. ಅವಳು ಒಮ್ಮೆ ಕಣ್ತುಂಬ ನಿದ್ದೆ ಮಾಡಿದರೆ ಸಾಕು ಎಂಬುದೊಂದೇ ಆಗ ನಮ್ಮೆಲ್ಲರ ಆಸೆ.

ದಾವಣಗೆರೆಯ ನರರೋಗದ ಡಾಕ್ಟರರ ಬಳಿ ಹೋದೆವು. ಅವರು ಒಂದು ಗುಳಿಗೆ ಬರೆದರು. ಚಿಕ್ಕಪ್ಪ ಬಿಡುತ್ತಾನೆಯೇ? "ಇದು ಎಲ್ಲಿ ಹೋಗಿ ಕೆಲಸ ಮಾಡ್ತೈತ್ರಿ?"

"ಕ್ಯಾಲ್ಸಿಯಂ ಚಾನೆಲ್ ಅಂತ ಇರುತ್ತೆ, ನಿಮಗೆ ಗೊತ್ತಾಗಲ್ಲ ಬಿಡಿ" ಅಂದರು ಡಾಕ್ಟರು.

ನಿಮಗೆ ಗೊತ್ತಾಗಲ್ಲ! ಯಾರಿಗೆ ಹೇಳುತ್ತಿದ್ದಾರೆ! ನಾನು ನಗು ತಡೆದುಕೊಂಡೆ. ಚಿಕ್ಕಪ್ಪ ಕುರ್ಚಿಯ ತುದಿಗೆ ಬಂದು "ಬಾಗಿಲಿಗ ನೇರ ಬೀಳ್ತೈತೋ, ಬಾಜೂದವರಿಗೋ?" ಎಂದು ಕೇಳಿದ.

ಡಾಕ್ಟರು ಕನ್ನಡಕ ತೆಗೆದು ಇವನನ್ನು ಸರಿಯಾಗಿ ನೋಡಿದರು. "ಆಲ್ಫಾ-ಟು-ಡೆಲ್ಟಾ ಅಂತ ಒಂದು ಸಹಾಯಕ ಘಟಕ ಇದೆ. ಪೆಟ್ಟು ತಿಂದ ನರದಲ್ಲಿ ಅದು ವಿಪರೀತ ಹೆಚ್ಚುತ್ತೆ, ಚಾನೆಲ್‌ಗಳೂ ಹೆಚ್ಚುತ್ತವೆ. ಮುಟ್ಟಿದ್ದೆಲ್ಲ ನೋವಾಗಿ ಕಾಣುತ್ತೆ. ಈ ಗುಳಿಗೆ ಅದನ್ನೇ ಹಿಡಿಯೋದು."

ಹೊರಗೆ ಬಂದಾಗ ಚಿಕ್ಕಮ್ಮ ಆ ನೋವಿನಲ್ಲೂ ನಕ್ಕಳು. "ಅಂದ್ರ ನನ್ನ ಹಿಡಿಯಾಕ ನಾನ ಗುಳಿಗಿ ನುಂಗ್ಬೇಕೇನ್ರಿ?"

ಚಿಕ್ಕಪ್ಪ ನಗಲಿಲ್ಲ. "ಇಷ್ಟು ವರ್ಷ ಅದನ್ನ ಹೊಗಳಿದ್ದೇ ಹೊಗಳಿದ್ದು. ಅದ ನಿನ್ನ ಸುಡಾಕ ಹತ್ತಿತ್ತಲ್ಲ" ಅಂದ. ಅಂದಿನಿಂದ ಅವಳನ್ನು ಆ ಹೆಸರಿನಿಂದ ಕರೆಯಲಿಲ್ಲ. ಮಧ್ಯಾಹ್ನದ ಬಾಗಿಲಿನ ಪಾಠವೂ ನಿಂತಿತು. ಹೊತ್ತೊತ್ತಿಗೆ ಗುಳಿಗೆ, ನೀರಿನ ಲೋಟ ಹಿಡಿದು ಅವಳ ಮುಂದೆ ನಿಲ್ಲುವುದು, "ಈಗ ಹೆಂಗೈತಿ?" ಎಂದು ಕೇಳುವುದು, ಇಷ್ಟೇ ಅವನ ದಿನಚರಿಯಾಯಿತು. ಗುಳಿಗೆಯ ಪ್ರಮಾಣವನ್ನು ಮೆಲ್ಲಮೆಲ್ಲನೆ ಏರಿಸಬೇಕಂತೆ. ಮೊದಮೊದಲು ತಲೆ ಸುತ್ತಿತು, ನೋವು ಅಲ್ಲೇ ಇತ್ತು. ಚಿಕ್ಕಪ್ಪ ಚಿಂತೆಯಲ್ಲೇ ಇಳಿದುಹೋದ.

ಮತ್ತೆ ತೋರಿಸಿಕೊಂಡು ದಾವಣಗೆರೆಯಿಂದ ವಾಪಸಾಗುವ ದಿನ ಬಸ್ಸು ತುಂಬಿತ್ತು. ಮೂವರ ಸೀಟು ಒಂದೇ ಸಿಕ್ಕಿದ್ದು. ಚಿಕ್ಕಮ್ಮ ಯಾವಾಗಲೂ ಎಡಮಗ್ಗುಲಿಗೆ ಯಾರೂ ಸೋಕದಂತೆ ಕೂರುವವಳು, ಅಂದು ನಡುವೆ ಕೂರಬೇಕಾಯಿತು. ಅವಳ ಎಡಕ್ಕೆ ಚಿಕ್ಕಪ್ಪ ಸೋಕದಂತೆ ಮೈ ಮುದುರಿಕೊಂಡು ಕೂತ. ಹರಪನಹಳ್ಳಿ ದಾಟಿತು. ಸಂಜೆಯ ಹೊಂಬಿಸಿಲು ಜೋಳದ ಹೊಲಗಳ ಮೇಲೆ ಮಲಗಿತ್ತು. ಚಿಕ್ಕಮ್ಮನ ಕಣ್ಣು ಎಳೆಯಿತು. ತಲೆ ವಾಲಿತು. ನೋಡನೋಡುತ್ತ ಆ ಉರಿಯುವ ಎಡಮೈಯೆಲ್ಲ ಚಿಕ್ಕಪ್ಪನಿಗೆ ಒರಗಿತು. ಅವಳು ಬೆಚ್ಚಲಿಲ್ಲ. ಸಣ್ಣಗೆ ಗೊರಕೆ ಹೊಡೆಯತೊಡಗಿದಳು.

"ಕೊಟ್ಟೂರು, ಕೊಟ್ಟೂರು! ಇಳಿಯೋರು ಬರ್ರಿ!"

ನಾನು ಏಳಹೋದೆ. ಚಿಕ್ಕಪ್ಪ ಕಣ್ಣಿನಲ್ಲೇ ಕೂರು ಅಂದ. ಕಂಡಕ್ಟರ್ ಹತ್ತಿರ ಬಂದ. "ಮೇಷ್ಟ್ರ, ಊರು ಬಂತಲ್ರಿ?"

"ಕೂಡ್ಲಿಗಿಗೆ ಮೂರು ಕೊಡ್ರಿ" ಎಂದು ಚಿಕ್ಕಪ್ಪ ಪಿಸುಗುಟ್ಟಿದ. "ಮೆಲ್ಲಕ ಮಾತಾಡ್ರಿ ಮಾರಾಯ್ರ."

ಬಸ್ಸು ನಮ್ಮೂರನ್ನು ಬಿಟ್ಟು ಹೊರಟಿತು. ಚಿಕ್ಕಪ್ಪನ ಕಣ್ಣಿಂದ ನೀರಿಳಿಯುತ್ತಿತ್ತು. ಕೈ ಎತ್ತಿದರೆ ಅವಳಿಗೆ ಎಚ್ಚರವಾದೀತೆಂದು ಒರೆಸಿಕೊಳ್ಳದೆ ಹಾಗೇ ಬಿಟ್ಟಿದ್ದ. ನಾನು ಕಿಟಕಿಯ ಕಡೆ ತಿರುಗಿ ಅತ್ತೆ.

ಕೂಡ್ಲಿಗಿಯಲ್ಲಿ ಎಲ್ಲರೂ ಇಳಿದ ಮೇಲೆ ಚಿಕ್ಕಮ್ಮ ಕಣ್ಣು ಬಿಟ್ಟಳು. "ಯಾವೂರ್ರೀ ಇದು?"

"ಕೂಡ್ಲಿಗಿ."

"ಇಲ್ಲಿಗ್ಯಾಕ ಬಂದ್ವಿ?"

"ಇಲ್ಲಿ ಚಾ ಚಲೋ ಮಾಡ್ತಾರಂತ" ಅಂದ ಚಿಕ್ಕಪ್ಪ. ಚಹಾದ ವಾಸನೆಗೇ ತಲೆನೋವು ಬರುತ್ತದೆನ್ನುವ ಆ ಮನುಷ್ಯ, ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಅವಳ ಪಕ್ಕ ಕೂತು ಲೋಟ ಬರಿದಾಗುವವರೆಗೂ ಕುಡಿದ.