ಕೊನೆಯ ಮೀಸೆಯವನ ಎದುರು ಮಾಮಾ

ನಮ್ಮ ಮಾಮಾ ಹತ್ತು ಹನ್ನೆರಡು ವರ್ಷ ಬಾಕ್ಸಿಂಗ್ ಆಡಿದರು, ಒಂದು ದಿನವೂ ಅವರ ಪೈಜಾಮದ ಇಸ್ತ್ರಿ ಕೆಡಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ನಂಬದಿದ್ದರೂ ನನಗೇನೂ ಬೇಸರವಿಲ್ಲ. ಬೇಸರಪಡುವ ಶಕ್ತಿಯನ್ನೆಲ್ಲ ಆ ಆಟ ನೋಡುತ್ತ ಕೂತೇ ಖರ್ಚು ಮಾಡಿ ಮುಗಿಸಿದ್ದೇನೆ.

ಮಾಮಾ ಅಂದರೆ ನನ್ನ ಅವ್ವನ ತಮ್ಮ. ಹುಮನಾಬಾದಿನ ಬಜಾರಿನಲ್ಲಿ ಭಾಂಡೆ ಅಂಗಡಿ. ಕೊಡ, ತಾಟು, ತಂಬಿಗೆ ಮಾರುವುದು, ಮದುವೆಗೆ ಕೊಡುವ ಪಾತ್ರೆಗಳ ಮೇಲೆ ಕೊಟ್ಟವರ ಹೆಸರು ಕೊರೆಯುವುದು, ಇದು ಅವರ ಉದ್ಯೋಗ. ಇರುವೆ ಕಚ್ಚಿದರೂ ಅದನ್ನು ಮೆಲ್ಲಗೆ ಊದಿ ಕಳಿಸುವ ಮನುಷ್ಯ. ಇಂಥವರ ಕೈಗೆ ಬಾಕ್ಸಿಂಗ್ ಬಂದದ್ದಾದರೂ ಹೇಗೆ? ತೊಂಬತ್ತರ ದಶಕದ ನಡುವೆ ಒಮ್ಮೆ ಮಾಲು ತರಲು ಹೈದರಾಬಾದಿಗೆ ಹೋದವರು, ಮಕ್ಕಳಿಗೆಂದು ಟಿವಿಗೆ ಹಚ್ಚುವ ವಿಡಿಯೋ ಗೇಮ್ ಡಬ್ಬಿ ತಂದರು. ಜೊತೆಗೆ ಮೂರು ಕ್ಯಾಸೆಟ್ಟು. ಒಂದರಲ್ಲಿ ಬಂದೂಕು, ಇನ್ನೊಂದರಲ್ಲಿ ಮೋಟಾರು, ಮೂರನೆಯದರಲ್ಲಿ ಬಾಕ್ಸಿಂಗ್. ಬಂದೂಕಿಗೆ ಓಣಿಯ ಮಕ್ಕಳೆಲ್ಲ ಸರದಿ ನಿಂತರು. ಬಾಕ್ಸಿಂಗ್ ಕ್ಯಾಸೆಟ್ಟನ್ನು ಯಾರೂ ಮುಟ್ಟದ ಕಾರಣ ಮಾಮಿ ಅದನ್ನು ಅಲುಗಾಡುವ ಟೇಬಲ್ಲಿನ ಕಾಲಿಗೆ ಒತ್ತು ಕೊಟ್ಟರು. ಅಲ್ಲಿಂದ ಅದನ್ನು ಎತ್ತಿ, ಧೂಳು ಊದಿ, ಡಬ್ಬಿಗೆ ಹಾಕಿದವರು ಮಾಮಾ. ಮುಂದೆ ಮಕ್ಕಳು ಹಾಸ್ಟೆಲ್ಲಿಗೆ ಹೋದರು, ಬಂದೂಕಿನ ಕ್ಯಾಸೆಟ್ಟು ಕೆಟ್ಟು ಕೂತಿತು. ಬಾಕ್ಸಿಂಗ್ ಮಾತ್ರ ಗಟ್ಟಿಯಾಗಿ ಉಳಿಯಿತು.

ಆ ಆಟದಲ್ಲಿ ಬಣ್ಣ ಕಡಿಮೆ, ಹಾರಾಟ ಚೀರಾಟ ಏನೂ ಇಲ್ಲ. ಚಡ್ಡಿ ಹಾಕಿದ ನಮ್ಮವನೊಬ್ಬ, ಎದುರಿಗೆ ಒಬ್ಬರಾದ ಮೇಲೆ ಒಬ್ಬರು ಬರುವ ದಾಂಡಿಗರು. ರಿಮೋಟಿನ ಎಡಗಡೆಯ ಗುಂಡಿ ಒತ್ತಿದರೆ ನಮ್ಮವ ಪಕ್ಕಕ್ಕೆ ಸರಿಯುತ್ತಾನೆ, ಬಲಗಡೆಯದು ಒತ್ತಿದರೆ ಗುದ್ದುತ್ತಾನೆ. ಸುಮ್ಮಸುಮ್ಮನೆ ಗುದ್ದುವವನಿಗೆ ಸೋಲು ಖಚಿತ. ಎದುರಿನವನು ಹೊಡೆಯುವ ಮುನ್ನ ಅವನ ಭುಜ ಒಂದಿಷ್ಟು ಇಳಿಯುತ್ತದೆ. ಅದನ್ನು ಕಂಡು ಸರಿದು ನಿಂತು ಆಮೇಲೆ ಕೈ ಎತ್ತಬೇಕು. ಇಷ್ಟು ನೋಡುವ ತಾಳ್ಮೆ ಇಲ್ಲದ್ದಕ್ಕೇ ಜಗತ್ತು ಇಂಥ ಆಟವನ್ನು ಮೂಲೆಗೆ ಹಾಕಿದೆ ಎಂಬುದು ಮಾಮಾನ ಸಿದ್ಧಾಂತ.

ನಾನು ಬಸವಕಲ್ಯಾಣದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿರುತ್ತಿದ್ದೆ. ಚಪ್ಪಲಿ ಬಿಡುವ ಮೊದಲೇ ಕೈಗೆ ಎರಡನೇ ರಿಮೋಟು ಬರುತ್ತಿತ್ತು. ಆ ಆಟದಲ್ಲಿ ಎರಡನೇ ರಿಮೋಟಿಗೆ ಕೆಲಸವೇ ಇಲ್ಲ. ಜೊತೆಗೊಬ್ಬರು ಇದ್ದಾರೆ ಎನ್ನುವ ಸಮಾಧಾನಕ್ಕೆ ಸುಮ್ಮನೆ ಹಿಡಿದು ಕೂರಬೇಕು.

"ಮಾಮಾ, ಮೊದಲ ನೀರು ಕುಡೀತೀನಿ."

"ನೀರು ಎಲ್ಲಿ ಓಡಿ ಹೋಗ್ತಾವವ್ವಾ? ಜರಾ ಅವನ ಭುಜ ನೋಡು. ಇಂಥಾ ಛಲೋ ಆಟ ಮತ್ತೊಂದಿಲ್ಲ."

ನೀರು ಕುಡಿಯದೆ ನಾನು ಎಷ್ಟು ಭುಜ ನೋಡಿದ್ದೇನೋ ದೇವರಿಗೇ ಗೊತ್ತು.

ಒಂದು ವರ್ಷ ಟಿವಿಯ ಧ್ವನಿ ಹೋಯಿತು. ಗಂಟೆ ಬಾರಿಸದೆ ಸುತ್ತು ಶುರು ಮಾಡುವುದು ಮಾಮಾನಿಗೆ ಒಗ್ಗದು. ಅಂಗಡಿಯಿಂದ ಒಂದು ಸ್ಟೀಲ್ ತಾಟು ತಂದು, ಪ್ರತಿ ಸುತ್ತಿಗೂ ಚಮಚದಿಂದ ಠಣ್ ಎಂದು ಬಡಿಯತೊಡಗಿದರು. ಪಕ್ಕದ ಮನೆಗೆ ಬಂದಿದ್ದ ನೆಂಟರು ಇದೇ ಊಟದ ಕರೆ ಇರಬೇಕೆಂದು ಕೈತೊಳೆದುಕೊಂಡು ಬಂದು, ಪಡಸಾಲೆಯಲ್ಲಿ ಸಾಲಾಗಿ ಕೂತುಬಿಟ್ಟರು. ಬಂದವರನ್ನು ಏಳಿಸುವುದುಂಟೆ? ಮಾಮಿ ಅಷ್ಟೂ ಜನಕ್ಕೆ ರೊಟ್ಟಿ ಬಡಿದರು. ಮಾಮಾ ಎದ್ದು ಬಂದು, "ಸಾವಕಾಶ ಊಟ ಮಾಡ್ರಿ, ನಂದಿನ್ನೂ ಎರಡು ಸುತ್ತು ಅದ," ಎಂದು ಹೇಳಿ ಮತ್ತೆ ಒಳಗೆ ಹೋದರು.

ಎದುರಾಳಿಗಳ ಹೆಸರು ಪರದೆಯ ಮೇಲೆ ಓದುವಷ್ಟರಲ್ಲಿ ಮಾಯವಾಗುತ್ತಿತ್ತು. ಹಾಗಾಗಿ ಮಾಮಾ ತಾವೇ ಹೆಸರಿಟ್ಟಿದ್ದರು. ಮೊದಲು ಬರುವ ಸಣಕಲ, ಚಿಟಗುಪ್ಪ ಬಸ್ಸಿನ ಕಂಡಕ್ಟರ್. ಅವನಾದ ಮೇಲೆ ಬರುವವನು ಮಾಣಿಕನಗರದ ಆಟೋದವ. ಜೀವನದಲ್ಲಿ ತಾವು ಎದುರು ಮಾತಾಡಲಾಗದೆ ಬಂದವರನ್ನೆಲ್ಲ ಅಲ್ಲಿ ಸಾಲಾಗಿ ನಿಲ್ಲಿಸಿಕೊಂಡಿದ್ದರು. ಇದು ಮನೆಯೊಳಗೆ ಇದ್ದಿದ್ದರೆ ಚೆನ್ನಾಗಿತ್ತು. ಒಂದು ದಿನ ಅಂಗಡಿಯಲ್ಲಿ ಮದುವೆಯ ಕೊಡದ ಮೇಲೆ ಹೆಸರು ಕೊರೆಯುತ್ತ, ಮನಸ್ಸು ಆಟದಲ್ಲಿದ್ದದ್ದರಿಂದ, ಕೊಟ್ಟವರ ಹೆಸರಿನ ಜಾಗದಲ್ಲಿ ಅಂದವಾಗಿ "ಮಾಣಿಕನಗರದ ಆಟೋದವ" ಎಂದು ಕೊರೆದರು. ಕೊಡ ಕೊಂಡ ಬಟ್ಟೆ ವ್ಯಾಪಾರಿ ಕೆಂಡವಾಗಿ ಬಂದ.

"ನಾ ಯಾವಾಗ ಆಟೋ ಹೊಡೆದೀನ್ರಿ? ಬೀಗರ ಮುಂದ ನನ್ನ ಇಜ್ಜತ್ ಏನಾತು?"

ಮಾಮಾ ಅವನ ಮುಖ ನೋಡಲಿಲ್ಲ. ಭುಜ ನೋಡಿದರು. "ಕೂಡ್ರಿ ಸಾಹುಕಾರ್ರ, ಚಹಾ ಕುಡೀರಿ. ನೀವೇನು ಹೊಡಿಯಾಂಗಿಲ್ಲ," ಎಂದರು. ಅವನು ಖರೇನೇ ಹೊಡೆಯಲಿಲ್ಲ, ಹೊಸ ಕೊಡ ತೆಗೆದುಕೊಂಡು ಹೋದ. ಹಳೆಯದು ಈಗಲೂ ಮಾಮಿಯ ಅಡುಗೆಮನೆಯಲ್ಲಿದೆ. ಆ ಮನೆಯಲ್ಲಿ ನಾವೆಲ್ಲ ನೀರು ಕುಡಿಯುವುದು ಆಟೋದವನ ಹೆಸರಿನಲ್ಲಿ.

ಎಲ್ಲರನ್ನೂ ಕೆಡವಿದ ಮೇಲೆ ಕೊನೆಗೊಬ್ಬ ಬರುತ್ತಾನೆ. ದಪ್ಪ ಮೀಸೆ, ಗೋಡೆಯಷ್ಟು ಎದೆ. ಅವನಿಗೆ ಮಾಮಾ ಇಟ್ಟ ಹೆಸರು, ಮಾಮಿಯ ಅಪ್ಪಂದು! ನಾರಾಯಣಪುರದಲ್ಲಿ ಹೆಸರಾದ ಪೈಲ್ವಾನರು ಅವರು. ಮಾಮಾನ ಮದುವೆಯಲ್ಲಿ ಯಾವುದೋ ಶಾಸ್ತ್ರಕ್ಕೆ ನೀರು ತುಂಬಿದ ಕೊಡ ಎತ್ತುವಾಗ ಮಾಮಾನ ಕೈ ಜಾರಿ ಕೊಡ ಉರುಳಿತಂತೆ. ಪೈಲ್ವಾನರು ತುಂಬಿದ ಹಂದರದಲ್ಲಿ, "ಅಳಿಯನ ಕೈಯಾಗ ಕಸುವೇ ಇಲ್ಲ," ಎಂದರಂತೆ. ಹಂದರವೆಲ್ಲ ನಕ್ಕಿತು. ಸೆರಗಿನ ಮರೆಯಲ್ಲಿ ಮಾಮಿಯೂ ನಕ್ಕರು. ಭಾಂಡೆ ಮಾರುವವನಿಗೆ ಕೊಡ ಎತ್ತಲು ಬರಲಿಲ್ಲ ಎಂದು ನಮ್ಮ ಮನೆತನದಲ್ಲಿ ಇದನ್ನು ಹೇಳಿಕೊಂಡು ನಗದವರಿಲ್ಲ. ಪೈಲ್ವಾನರು ತೀರಿಕೊಂಡು ವರ್ಷಗಳಾದರೂ ನಗು ತೀರಿರಲಿಲ್ಲ.

ಆ ಮೀಸೆ ಬಂದ ಕೂಡಲೇ ಮಾಮಾ ತಲೆಯ ಟೋಪಿ ತೆಗೆದು ಪಕ್ಕಕ್ಕಿಡುವರು. ಆಮೇಲೆ ಬರೀ ಸರಿಯುವರು. ಎಡಕ್ಕೆ ಸರಿ, ಬಲಕ್ಕೆ ಸರಿ, ಹೊತ್ತು ಮುಗಿಯುವ ತನಕ ಸರಿಯುತ್ತಲೇ ಇದ್ದು ಸೋಲುವರು.

"ಹೊಡಿ ಮಾಮಾ, ಇದು ಆಟ ಅದ," ಎಂದು ನಾನು ಬೇಸತ್ತು ಹೇಳುತ್ತಿದ್ದೆ.

"ಹಿರೇರ ಮ್ಯಾಲ ಹ್ಯಾಂಗ ಕೈ ಎತ್ತಲಿ?"

ಗೆಲುವಿನ ಆಸೆ ಅವರಿಗಿರಲಿಲ್ಲ. ಇದ್ದದ್ದು ಒಂದೇ ಆಸೆ. ಮಾಮಿ ಒಂದು ಸಲವಾದರೂ ಪಕ್ಕದಲ್ಲಿ ಕೂತು, ಈ ಆಟ ಛಲೋ ಅದ ಅನ್ನಬೇಕು. ನಾನು ಹೋದಾಗಲೆಲ್ಲ ಕೇಳಿಸಿಕೊಂಡಿದ್ದೇನೆ. "ಒಮ್ಮೆ ಬಂದು ಕೂಡಬಾರ್ದಾ," ಎಂದು ಇವರು ಕರೆಯುವುದು, "ನಾ ಕೂತ್ರ ರೊಟ್ಟಿ ಯಾರು ಬಡೀತಾರ್ರಿ?" ಎಂದು ಅಡುಗೆಮನೆಯಿಂದ ಉತ್ತರ ಬರುವುದು.

ಆಮೇಲೆ ಒಂದು ಬೇಸಿಗೆಯಲ್ಲಿ ಮಾಮಾನಿಗೆ ಲಕ್ವಾ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನೋಡಲು ಹೋದೆ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು, ಬಲಭುಜ ಇಳಿದಿತ್ತು. ಊರವರ ಭುಜವನ್ನೆಲ್ಲ ನೋಡಿದ ಮನುಷ್ಯನ ಭುಜವನ್ನು ನಾವು ಯಾರೂ ನೋಡಿರಲಿಲ್ಲ. ಟಿವಿಯ ಮೇಲೆ ಬಟ್ಟೆ ಹೊದಿಸಿತ್ತು. ಅಂದು ನಾನು ನೀರು ಕುಡಿಯಲು ಯಾರೂ ಅಡ್ಡಿ ಮಾಡಲಿಲ್ಲ.

ಆಗ ಮಾಮಿ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಹೊರಗೆ ಬಂದರು. ಬಟ್ಟೆ ಸರಿಸಿದರು. ಕ್ಯಾಸೆಟ್ಟು ತೆಗೆದು, ಥೇಟ್ ಮಾಮಾ ಊದುವಂತೆಯೇ ಊದಿ, ಡಬ್ಬಿಗೆ ಹಾಕಿದರು. ಮಾಮಾನ ಬಲಕ್ಕೆ ಕೂತು, ರಿಮೋಟನ್ನು ಇಬ್ಬರ ನಡುವೆ ಹಿಡಿದರು. ಎಡಗಡೆಯ ಗುಂಡಿಯ ಮೇಲೆ ಮಾಮಾನ ಎಡಗೈ ಇಟ್ಟರು. ಬಲಗಡೆಯ ಗುಂಡಿಯ ಮೇಲೆ ತಮ್ಮ ಹೆಬ್ಬೆರಳು.

ಆ ದಿನ ಕಂಡಕ್ಟರನೇ ಇಬ್ಬರನ್ನೂ ಕೆಡವಿದ. ಆದರೆ ಮಾಮಿ ಬಿಡಲಿಲ್ಲ. ಎಷ್ಟೋ ಮಧ್ಯಾಹ್ನ ಕೂತರು. ಮಳೆಗಾಲ ಕಳೆದ ಮೇಲೆ ನಾನು ಮತ್ತೆ ಹೋದಾಗ ಆಟೋದವ ನೆಲದ ಮೇಲಿದ್ದ, ಮೀಸೆಯವನು ಬರುತ್ತಿದ್ದ. ಮಾಮಾ ಎಡಗೈಯಿಂದ ಟೋಪಿ ತೆಗೆದರು.

"ಇವರೇ ಏನ್ರಿ ನಮ್ಮಪ್ಪ?" ಎಂದರು ಮಾಮಿ. ಮಾಮಾ ನಾಚಿಕೊಂಡು ತಲೆಯಾಡಿಸಿದರು.

ಆಟ ನಡೆಯಿತು. ಮಾಮಾ ಸರಿದರು, ಮತ್ತೆ ಸರಿದರು. ಮೀಸೆಯವನ ಭುಜ ಇಳಿಯಿತು. ಮಾಮಾ ತೊದಲುತ್ತ, "ಬ್ಯಾಡ... ಹಿರೇರು," ಎಂದರು.

"ನೀವು ಹೊಡಿಬ್ಯಾಡ್ರಿ. ನೀವು ಸರೀರಿ, ಅಷ್ಟು ಸಾಕು," ಎಂದರು ಮಾಮಿ. "ನಮ್ಮಪ್ಪಂದು ನಾ ನೋಡ್ಕೋತೀನಿ. ಅವತ್ತು ನಾನೂ ನಕ್ಕೀನಲ್ರಿ."

ಒತ್ತಿದರು. ಒತ್ತಿದರು. ಅಷ್ಟು ವರ್ಷ ನಿಂತಿದ್ದ ಮೀಸೆಯವನು ಮೆಲ್ಲಗೆ ಮಗುಚಿ ಬಿದ್ದ. ಮಾಮಾನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಎಡಗೈ ಖಾಲಿ ಇರಲಿಲ್ಲ. ಅದನ್ನು ಮಾಮಿ ಹಿಡಿದುಕೊಂಡಿದ್ದರು.

"ಛಲೋ ಅದ್ರಿ ಆಟ. ಇನ್ನೊಮ್ಮೆ ಹಚ್ಚೋಣ?" ಎಂದರು ಮಾಮಿ.

ನಾನು ಮೂಲೆಯಲ್ಲಿದ್ದ ತಾಟು, ಚಮಚ ಎತ್ತಿಕೊಂಡು ಜೋರಾಗಿ ಬಡಿದೆ. ಪಕ್ಕದ ಮನೆಯವರು ಊಟಕ್ಕೆ ಬಂದರೆ ಬರಲಿ, ಇವತ್ತು ರೊಟ್ಟಿ ನಾನು ಬಡಿಯುತ್ತೇನೆ.