ಕೆಂಪಿಯ ವೇಬಿಲ್

ಒಂದು ಹೆಣ್ಣುನಾಯಿಯ ಉಚ್ಚೆಯ ಬೆನ್ನು ಹತ್ತಿ ಮೂರು ತಾಲ್ಲೂಕು ತಿರುಗಿದ ಗಂಡಸು, ನಮ್ಮ ಸೋದರಮಾವನನ್ನು ಬಿಟ್ಟು, ಈ ಭೂಮಿಯ ಮೇಲೆ ಇನ್ನೊಬ್ಬನಿದ್ದರೆ ತೋರಿಸಿ. ಒಂದು ಮಾರು ಹಡಗಲಿ ಮಲ್ಲಿಗೆ ಹಾಕಿ ಕೈ ಮುಗಿಯುತ್ತೇನೆ! ಅವನನ್ನು ಹುಚ್ಚ ಅನ್ನಬೇಡಿ ಮತ್ತೆ. ಹುಚ್ಚರಿಗಾದರೂ ಒಂದು ದಿನ ಬೇಸರ ಬರುತ್ತದೆ. ಮಾವನಿಗೆ ಅದೂ ಬರಲಿಲ್ಲ.

ಮಾವ ಬಸ್ ಕಂಡಕ್ಟರ್. ಹಡಗಲಿಯಿಂದ ಹಗರಿಬೊಮ್ಮನಹಳ್ಳಿ, ಕೊಟ್ಟೂರು ಮೇಲೆ ಕೂಡ್ಲಿಗಿಗೆ ಹೋಗಿ ಬರುವ ಬಸ್ಸು ಅವನದು. ನನಗೆ ಆಗಷ್ಟೇ ಹಡಗಲಿಯ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು, ಮಾವನ ಮನೆಯಲ್ಲೇ ಇದ್ದೆ. ಮನೆಗೂ ಬಸ್ಸಿಗೂ ಅವನಿಗೆ ಅಂಥ ವ್ಯತ್ಯಾಸವೇನೂ ಇರಲಿಲ್ಲ. ನೆಂಟರು ಊಟಕ್ಕೆ ಕೂತರೆ "ಒಳಗ ಸರೀರಿ, ಹಿಂದ ಜಾಗ ಐತಿ" ಅನ್ನುತ್ತಿದ್ದ. ನಾನು ಬಚ್ಚಲಲ್ಲಿ ತಡ ಮಾಡಿದರೆ ಹೊರಗೆ ನಿಂತು ಸೀಟಿ ಊದುತ್ತಿದ್ದ.

ವೇಬಿಲ್ಲಿನ ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ಯಾವ ಸ್ಟಾಪಿನಲ್ಲಿ ಎಷ್ಟು ಜನ ಹತ್ತಿದರು, ಎಷ್ಟು ಹೊತ್ತಿಗೆ ಬಸ್ಸು ಬಿಟ್ಟಿತು ಎಂದು ಕಂಡಕ್ಟರು ಬರೆಯುವ ಹಾಳೆ ಅದು. "ಕಂಡದ್ದು ಬರೀಬೇಕು, ಕಂಡಷ್ಟ ಬರೀಬೇಕು" ಎನ್ನುವುದು ಅವನ ವೇದ. ಒಮ್ಮೆ ಕೊಟ್ಟೂರಿನಲ್ಲಿ ಬಸ್ಸು ತಡವಾದಾಗ "ಕಂಡಕ್ಟರ್ ಎರಡನೇ ಚಹಾ ಕುಡಿದಿದ್ದರಿಂದ ನಾಲ್ಕು ನಿಮಿಷ ತಡ" ಎಂದು ತಾನೇ ಬರೆದು, ತಾನೇ ಮೆಮೊ ತಿಂದು, ಅದನ್ನು ಪ್ರಶಸ್ತಿಯಂತೆ ಟ್ರಂಕಿನಲ್ಲಿ ಇಟ್ಟಿದ್ದ.

ಕೆಂಪಿ ಅವನಿಗೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ನಾಯಿ. ಅದು ವರ್ಷಕ್ಕೆ ಎರಡು ಸಲ ಮರಿ ಹಾಕುವುದು, ಮಾವ ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ದಾರಿಯ ಊರೂರಿಗೆ ಒಂದೊಂದರಂತೆ ಇಳಿಸಿ ಬರುವುದು ನಡೆದಿತ್ತು. ಕಡೆಗೆ ಅವನನ್ನು ಕಂಡರೆ ಹಳ್ಳಿಯವರು ಬಸ್ಸಿಗೆ ಕೈ ಮಾಡುವುದನ್ನೇ ಬಿಟ್ಟರು. ಆಗ ಕೆಂಪಿಗೆ ಮಕ್ಕಳಾಗದ ಆಪರೇಷನ್ ಮಾಡಿಸಿದ. ಒಂದು ವರ್ಷ ಎಲ್ಲ ಚೆನ್ನಾಗಿತ್ತು. ಆಮೇಲೆ ಕೆಂಪಿ ಮಲಗಿ ಎದ್ದ ಕಡೆಯಲ್ಲೆಲ್ಲ ಒಂದು ತಟ್ಟೆಯಗಲ ನೆಲ ತೋಯ್ದಿರತೊಡಗಿತು.

ಬೇರೆಯವರ ಮನೆಯಾಗಿದ್ದರೆ ಒರೆಸಿದರೆ ಮುಗಿಯುತ್ತಿತ್ತು. ಆದರೆ ನಮ್ಮ ಅತ್ತೆ ಹೂ ಕಟ್ಟುವವಳು. ಪಡಸಾಲೆಯಲ್ಲಿ ಚಾಪೆ ಹಾಸಿ ಬುಟ್ಟಿಗಟ್ಟಲೆ ಮಲ್ಲಿಗೆ ಸುರುವಿಕೊಂಡು ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಕೆಂಪಿಗೆ ಮಲಗಲು ಆ ಚಾಪೆಯ ಅಂಚೇ ಬೇಕು. ದೇವರ ಮುಡಿಗೆ ಹೋಗುವ ಹೂವು! ಸುದ್ದಿ ಹೊರಗೆ ಹೋದರೆ ಅತ್ತೆಯ ಹೂವನ್ನು ಮುಟ್ಟುವವರು ಯಾರು? ಒಂದು ದಿನ ಅತ್ತೆ ತೀರ್ಪು ಕೊಟ್ಟಳು.

"ಶ್ರಾವಣದೊಳಗ ನಿಲ್ಲಬೇಕು. ಪೂರಾ ಒಂದು ತಿಂಗಳು ಚಾಪಿ ಒಣಗಿರಬೇಕು. ಇಲ್ಲಂದ್ರ ನಿಮ್ಮ ನಾಯಿ ಚಿಗಟೇರಿಗೆ, ನಮ್ಮಣ್ಣನ ಹೊಲ ಕಾಯಾಕ ಹೋಗ್ಲಿ."

"ನಿಲ್ಲಸ್ತೀನಿ. ಬೇಕಾದ್ರ ವೇಬಿಲ್ ಬರೀತೀನಿ" ಅಂದ ಮಾವ.

ಅಂದೇ ನೋಟ್‌ಬುಕ್ಕಿಗೆ ಗೆರೆ ಹೊಡೆದ. ಹೊತ್ತು, ಸ್ಥಳ, ಅಳತೆ, ಷರಾ. "ಮಧ್ಯಾಹ್ನ ಎರಡು. ಬಾಗಿಲ ಹಿಂದೆ. ಅಂಗೈಯಗಲ. ನಿದ್ದೆ ಹೊಡೆಯುತ್ತಿತ್ತು." ಅವನು ಡ್ಯೂಟಿಗೆ ಹೋದಾಗ ಬರೆಯುವ ಕೆಲಸ ನನ್ನದು. ಬಿ.ಎಡ್. ಮಾಡಿ ನಾಯಿಯ ಉಚ್ಚೆ ಅಳೆಯಬೇಕಾಯಿತಲ್ಲ ಎಂದು ನಾನು ಗೊಣಗಿದರೆ, "ಅಳತಿ ಕಲಿಸಾಕಿ ನೀನು, ಅಳಿ" ಅನ್ನುತ್ತಿದ್ದ.

ಮೊದಲು ತನ್ನದೇ ಚಿಕಿತ್ಸೆ ನಡೆಸಿದ. ನೀರು ಹೆಚ್ಚಾಗಿರಬೇಕು, ಸ್ಟಾಪು ಕಡಿಮೆಯಾಗಿರಬೇಕು! ತಾಸಿಗೊಮ್ಮೆ ಸೀಟಿ ಊದಿ ಕೆಂಪಿಯನ್ನು ಲೈಟು ಕಂಬಕ್ಕೆ ಕರೆದೊಯ್ದ. ಅದು ಕಂಬದ ಹತ್ತಿರ ಮರ್ಯಾದೆಯಿಂದ ಮುಗಿಸಿ, ಒಳಗೆ ಬಂದು ಮಲಗಿ, ಮತ್ತೆ ತೋಯಿಸಿತು. ಸೀಟಿ ಕೇಳಿ ಓಣಿಯ ಮುದುಕರೆಲ್ಲ ತಾಸಿಗೊಮ್ಮೆ ಎದ್ದು ಹೋಗುವುದನ್ನು ಕಲಿತರು.

ಆಮೇಲೆ ಕೊಟ್ಟೂರಿನ ದನದ ಡಾಕ್ಟರು. ಅವರು ಉಚ್ಚೆ ಪರೀಕ್ಷೆ ಆಗಲಿ ಅಂದರು. ಮಾವ ಕೋಲಿಗೆ ಸೌಟು ಕಟ್ಟಿಕೊಂಡು ಎರಡು ದಿನ ಕೆಂಪಿಯ ಹಿಂದೆ ತಿರುಗಿದ. ಕೆಂಪಿ ಕೂರುವುದು, ಸೌಟು ಕಂಡು ಏಳುವುದು. ಆ ಸೌಟನ್ನು ಅತ್ತೆ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ ಎಂದು ಬೇರೆ ಹೇಳಬೇಕೇ? ಕಡೆಗೆ ಹೇಗೋ ಸೀಸೆ ತುಂಬಿಸಿಕೊಂಡು ಮಂದಿಯ ಲ್ಯಾಬಿಗೇ ಹೋದ.

"ಹೆಸರು?"

"ಕೆಂಪಿ."

"ವಯಸ್ಸು?"

"ಆರು."

"ಏನು ಓದ್ತಾಳ್ರೀ?"

"ಓದಂಗಿಲ್ಲ, ಮನಿ ಕಾಯ್ತಾಳ" ಅಂದನಂತೆ. ರಿಪೋರ್ಟಿನಲ್ಲಿ ಕುಮಾರಿ ಕೆಂಪಿಗೆ ಯಾವ ಸೋಂಕೂ ಇಲ್ಲ ಎಂದು ಬಂತು.

ಸೋಂಕಿಲ್ಲದಿದ್ದರೆ ಮತ್ತೇನು? ಹರಪನಹಳ್ಳಿಯಲ್ಲಿ ಹೊಸ ಡಾಕ್ಟರು ಬಂದಿದ್ದಾರೆಂದು ಯಾರೋ ಹೇಳಿದರು. ವಾರದ ರಜೆಯ ದಿನ ಕೆಂಪಿಗೆ ಲಗೇಜ್ ಟಿಕೆಟ್ ಹರಿಸಿ ಕರೆದೊಯ್ದ. ನಾನೂ ಹೋಗಿದ್ದೆ. ಡಾಕ್ಟರು ಒಂದೇ ಪ್ರಶ್ನೆ ಕೇಳಿದರು. "ಎಚ್ಚರ ಇದ್ದಾಗ ಹೋಗ್ತದಾ, ಮಲಗಿದಾಗಾ?"

ಮಾವ ವೇಬಿಲ್ ತೆಗೆದು ಮೇಜಿನ ಮೇಲಿಟ್ಟ. ಡಾಕ್ಟರು ಪುಟ ತಿರುವಿದರು, ಮತ್ತೆ ತಿರುವಿದರು. "ಎಲ್ಲಾ ಮಲಗಿದಾಗಲೇ ಆಗಿದೆ. ಇಂಥಾ ದಾಖಲೆ ದೊಡ್ಡ ಆಸ್ಪತ್ರೆಯಲ್ಲೂ ಸಿಗಲ್ಲ ಕಂಡಕ್ಟ್ರೇ" ಅಂದರು. ಆಪರೇಷನ್ ಆದ ಕೆಲವು ಹೆಣ್ಣುನಾಯಿಗಳಿಗೆ ಹೀಗಾಗುತ್ತದಂತೆ. ಹೆಣ್ತನದ ರಸ ಕಡಿಮೆಯಾಗಿ, ಉಚ್ಚೆ ತಡೆಯುವ ಬಾಯಿ ಸಡಿಲವಾಗುತ್ತದಂತೆ. ಮುಟ್ಟು ನಿಂತ ಹೆಂಗಸರಿಗೆ ಕೊಡುವ ಗುಳಿಗೆಯನ್ನೇ ಚೂರು ಮಾಡಿ, ಮೊದಲ ವಾರ ದಿನಾ, ಆಮೇಲೆ ಕಡಿಮೆ ಮಾಡುತ್ತಾ ಹೋಗಿ ಎಂದು ಬರೆದುಕೊಟ್ಟರು.

ಹಡಗಲಿಯ ಗುಳಿಗೆಯ ಅಂಗಡಿಯಲ್ಲಿ "ಯಾರಿಗ್ರಿ?" ಎಂದು ಕೇಳಿದ್ದಕ್ಕೆ ಮಾವ "ನಮ್ಮ ಮನಿ ಹೆಣ್ಮಗಳಿಗೆ" ಅಂದುಬಿಟ್ಟ. ಅತ್ತೆಗೆ ಮೂರು ವರ್ಷದ ಹಿಂದೆ ಗರ್ಭಕೋಶ ತೆಗೆದದ್ದು ಅಂಗಡಿಯವನಿಗೆ ಗೊತ್ತಿತ್ತು. ಸಂತೆಯಲ್ಲಿ ಸಿಕ್ಕಾಗ, "ಅಕ್ಕಾರ, ಗುಳಿಗಿ ಹಿಡಿಸಿದ್ವೇನ್ರಿ?" ಎಂದು ವಿಚಾರಿಸಿದ. ಅತ್ತೆ ಮನೆಗೆ ಬಂದವಳೇ ಎರಡು ದಿನ ಮಾವನ ಜೊತೆ ಮಾತು ಬಿಟ್ಟಳು. ಇಷ್ಟಕ್ಕೇ ಇಷ್ಟು ಸಿಟ್ಟೇ ಎಂದು ನನಗೆ ಆಗ ಅನಿಸಿತ್ತು.

ಗುಳಿಗೆಯಿಂದ ಗುಣ ಕಂಡಿತು. ಆದರೆ ಮಾವನಿಗೆ ಶ್ರಾವಣದ ಅವಸರ. "ಲೇಟಾದ ಗಾಡಿಗೆ ಸ್ಪೀಡ್ ಹೆಚ್ಚು ಮಾಡ್ಬೇಕು" ಎಂದು ನಮಗೆ ಹೇಳದೆ ಎರಡು ಪಟ್ಟು ಕೊಟ್ಟ. ಎಂಟು ದಿನದಲ್ಲಿ ಹಡಗಲಿಯ ಗಂಡುನಾಯಿಗಳೆಲ್ಲ ನಮ್ಮ ಬಾಗಿಲಿಗೆ ಬಂದು ಕೂತವು. ಆಪರೇಷನ್ ಆದ ಕೆಂಪಿಗೆ ಹನ್ನೊಂದು ಗಂಡುಗಳು! ಮಾವ ಕಟ್ಟೆಯ ಮೇಲೆ ನಿಂತು ಸೀಟಿ ಊದಿ, "ಇದು ಫುಲ್ ಆಗೈತಿ, ಹಿಂದಿನ ಬಸ್ಸಿಗೆ ಬರ್ರಿ" ಎಂದು ಓಡಿಸಬೇಕಾಯಿತು. ಡಾಕ್ಟರ ಹತ್ತಿರ ಬೈಸಿಕೊಂಡು ಬಂದ ಮೇಲೆ ಹೇಳಿದಷ್ಟೇ ಕೊಟ್ಟ. ನಾಯಿಗಳು ಚದುರಿದವು. ಚಾಪೆಯೂ ಒಣಗಿತು.

ಒಂದು ವಾರ, ಎರಡು ವಾರ, ಮೂರು ವಾರ. ವೇಬಿಲ್ಲಿನಲ್ಲಿ ಪುಟಕ್ಕೆ ಪುಟ "ಒಣ, ಒಣ, ಒಣ." ತಿಂಗಳು ತುಂಬಲು ಎರಡೇ ದಿನ ಇದ್ದವು. ಆ ಬುಧವಾರ ಮಾವ ಕೆಂಪಿಯನ್ನು ತೋರಿಸಿ ಬರಲು ಮೊದಲ ಬಸ್ಸಿಗೇ ಹರಪನಹಳ್ಳಿಗೆ ಹೋದ. ಸಂಜೆ ಇಬ್ಬರೂ ವಾಪಸು ಬಂದು ಹೊಸ್ತಿಲು ದಾಟಿದ್ದೇ ತಡ, ಅತ್ತೆ ಚಾಪೆಯನ್ನು ಸುತ್ತಿ ಹಿಡಿದು ಎದುರಿಗೆ ಬಂದಳು. ಒಂದು ಮೂಲೆ ತೋಯ್ದಿತ್ತು. ಅವಳ ಮುಖ ಕೆಂಪಾಗಿತ್ತು.

"ನೋಡ್ರಿ ನಿಮ್ಮ ನಾಯಿ ಕೆಲಸ. ಮಧ್ಯಾಹ್ನ ಮತ್ತ ಮಾಡೈತಿ."

ಮಧ್ಯಾಹ್ನ ಕೆಂಪಿ ಹರಪನಹಳ್ಳಿಯಲ್ಲಿತ್ತು; ಗಾಬರಿಯಲ್ಲಿ ಅತ್ತೆಗೆ ಅದು ಮರೆತೇಹೋಗಿತ್ತು. ಆಗಷ್ಟೇ ಶಾಲೆಯಿಂದ ಬಂದಿದ್ದ ನಾನು ಹಾಗೆಂದು ಹೇಳಲು ಬಾಯಿ ತೆರೆದೆ. ಮಾವ ನನ್ನ ಕಡೆ ಒಮ್ಮೆ ನೋಡಿದ. ಆ ನೋಟವನ್ನು ನಾನು ಮೊದಲು ಕಂಡಿರಲಿಲ್ಲ. ಬಾಯಿ ಮುಚ್ಚಿದೆ.

"ಹೌದೇನು?" ಅಂದ. ಕೂತ, ವೇಬಿಲ್ ತೆಗೆದ, ಬರೆದ. "ಬುಧವಾರ. ಮಧ್ಯಾಹ್ನ. ಹೂವಿನ ಚಾಪೆ. ಕೆಂಪಿ."

ಕೆಂಪಿಯನ್ನು ಉಳಿಸಿಕೊಳ್ಳಲು ತಾಲ್ಲೂಕು ತಿರುಗಿದವನು ಗೆಲ್ಲಲು ಎರಡೇ ದಿನ ಇರುವಾಗ ತನ್ನ ಕೈಯಾರೆ ಅದನ್ನು ಸೋಲಿಸಿದ. ತಾನು ಕುಡಿದ ಚಹಾವನ್ನೂ ಮುಚ್ಚಿಡದ ಮನುಷ್ಯ ಬರೆದ ಮೊದಲ ಸುಳ್ಳು ಎಂಟ್ರಿ ಅದು. ಅತ್ತೆ ಅಡುಗೆಮನೆಗೆ ಸರಿದಳು. ಅವಳು ದಿನಾ ನಸುಕಿಗೆದ್ದು ಸೀರೆ ಒಗೆಯುತ್ತಿದ್ದದ್ದು, ಕೆಮ್ಮು ಬಂದರೆ ಗೋಡೆ ಹಿಡಿದು ನಿಲ್ಲುತ್ತಿದ್ದದ್ದು, ಮದುವೆಮನೆಗೆ ಬರಲೊಲ್ಲೆ ಅನ್ನುತ್ತಿದ್ದದ್ದು ಎಲ್ಲ ನನಗೆ ಆಗ ಒಟ್ಟಿಗೆ ನೆನಪಾದವು. ಒಂದೇ ಮನೆಯಲ್ಲಿದ್ದೂ ನನಗೆ ತಿಳಿದಿರಲಿಲ್ಲ. ನಾಚಿಕೆಯಾಯಿತು.

ಮಾವ ಕೆಂಪಿಯನ್ನು ಮುಂದೆ ಕೂರಿಸಿಕೊಂಡು, ಒಳಗೆ ಕೇಳುವಷ್ಟು ಗಟ್ಟಿಯಾಗಿ ಅದಕ್ಕೆ ಹೇಳತೊಡಗಿದ.

"ಕೇಳಲೇ ಕೆಂಪಿ. ನೀ ಬೇಕಂತ ಮಾಡಿದ್ದಲ್ಲ ಇದು. ಆಪರೇಷನ್ ಆದ ಮ್ಯಾಲ ಕೆಲವ್ರಿಗೆ ಹಿಡಿತ ತಪ್ಪತೈತಿ. ಅದರಾಗ ನಾಚ್ಕೊಳ್ಳೋದು ಏನೂ ಇಲ್ಲ. ಮುಚ್ಚಿಟ್ರ ಹೆಚ್ಚಾಗತೈತಿ, ಹೇಳಿದ್ರ ಇಲಾಜು ಐತಿ. ನಿನ್ನ ನಾ ಎಲ್ಲಿಗೂ ಕಳಸಂಗಿಲ್ಲ."

ಕೆಂಪಿ ಬಾಲ ಬಡಿಯಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಒಳಗಿಂದ ಅತ್ತೆಯ ದನಿ ಬಂತು.

"ಆ ಡಾಕ್ಟರು ನಾಯಿಗಷ್ಟೇ ನೋಡ್ತಾರೇನು?"

"ಅವ್ರು ನಾಯಿಗಷ್ಟೇ. ಮಂದಿಗೆ ಹೊಸಪೇಟ್ಯಾಗ ಒಬ್ಬಾಕಿ ಡಾಕ್ಟರು ಅದಾಳಂತ, ಕೇಳ್ಕೊಂಡು ಬಂದೀನಿ. ನಾಳೆ ರಜಾ ಹಾಕೀನಿ. ಮೊದಲ ಬಸ್ಸಿಗೆ ಹೋಗೂಣು."

ಮರುದಿನ ಬೆಳಿಗ್ಗೆ ಮಾವ ಸೀಟಿ ಊದಲಿಲ್ಲ, ಅವಸರ ಮಾಡಲಿಲ್ಲ. ಅತ್ತೆಯ ಚೀಲವನ್ನು ತಾನೇ ಹಿಡಿದು ಬಾಗಿಲಲ್ಲಿ ಕಾಯುತ್ತಾ ನಿಂತ. ಅತ್ತೆ ಹೊರಟವಳು ನಿಂತಳು, ಒಳಗೆ ಹೋಗಿ ತಾನು ಹೊದೆಯುವ ಕೌದಿ ತಂದಳು, ನಾಲ್ಕು ಮಡಿಕೆ ಮಾಡಿ ಹೂವಿನ ಚಾಪೆಯ ಪಕ್ಕದಲ್ಲೇ ಹಾಸಿ ಕೆಂಪಿಯನ್ನು ಅದರ ಮೇಲೆ ಕೂರಿಸಿದಳು.

ನಾನು ನೋಡುತ್ತಿದ್ದದ್ದು ಕಂಡು, "ನೆಲ ತಂಡಿ ಐತಿ, ಪಾಪ" ಅಂದಳು.